ಮುಪ್ಪು ಬೇರೆ, ರೋಗ ಬೇರೆ

ಮೈಸೂರಿನ ಬೀದಿಗಳಲ್ಲಿ ಇಂದಿಗೂ ಒಂದು ದನಿ ಆಗಾಗ ಕಿವಿಗೆ ಬೀಳುತ್ತದೆ. ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳ ದನಿ ಅದು. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಅನುಮತಿ ಪಡೆದು ಐಡಿಯಲ್ ಜಾವಾ ಕಂಪೆನಿಯು 1960ರಲ್ಲಿ ಇಲ್ಲಿ ನೆಲೆಗೊಂಡಿತು; 1961ರಿಂದ ವಾಹನಗಳು ಹೊರಬರತೊಡಗಿದವು; ಎಪ್ಪತ್ತರ ದಶಕದಲ್ಲಿ ಅವು ಯೆಜ್ಡಿ ಎಂಬ ಹೆಸರನ್ನು ತಳೆದವು; 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅದೇ ಜಾವಾ ಹೆಸರಿನಲ್ಲಿ 2018ರಿಂದ ಹೊರಬಂದಿರುವ ಹೊಸ ವಾಹನಗಳ ಮಾತು ಬೇರೆ. ಯಾದವಗಿರಿಯ ವಾಹನಗಳಲ್ಲಿ ತೀರ ಎಳೆಯದೆನ್ನುವುದಕ್ಕೂ ಈಗ ಮೂವತ್ತು ವರ್ಷದ ಆಸುಪಾಸು. ಆದರೂ ಅವು ಓಡುತ್ತಿವೆ. ಓಡುತ್ತಿರುವುದರಿಂದಲೇ ಆರು ತಿಂಗಳಿಗೊಮ್ಮೆ ಹೊಗೆಯ ಪರೀಕ್ಷೆಗೆ ನಿಲ್ಲಬೇಕಾಗಿದೆ. ಎಷ್ಟೋ ವೇಳೆ ಅದರಲ್ಲಿ ಸೋಲಬೇಕಾಗಿಯೂ ಬಂದಿದೆ.

ಹೀಗೆ ಸೋತಾಗ ನಾವು ಕೇಳುವ ಮಾತು ಸಾಮಾನ್ಯವಾಗಿ ಒಂದೇ: “ಹಳೆಯ ಗಾಡಿ, ಹೊಗೆ ಬಿಡದೆ ಇನ್ನೇನು ಮಾಡೀತು?” ಈ ಮಾತಿನಿಂದ ಎರಡು ದಾರಿಗಳು ಕವಲೊಡೆಯುತ್ತವೆ. ಒಂದು, ಗಾಡಿಯನ್ನು ಗುಜರಿಗೆ ಹಾಕುವುದು. ಎರಡು, ಕಾರ್ಬ್ಯುರೇಟರಿನ ತಿರುಪನ್ನು ಅತ್ತಿತ್ತ ತಿರುಗಿಸಿ, ಉಪಕರಣ ಒಪ್ಪಿದ ಕ್ಷಣದಲ್ಲಿ ಚೀಟಿ ಪಡೆದು, ಮನೆಗೆ ಬಂದ ಮೇಲೆ ತಿರುಪನ್ನು ಮೊದಲಿನಂತೆಯೇ ಮಾಡಿಕೊಳ್ಳುವುದು. ಈ ಎರಡು ದಾರಿಗಳೂ ತಪ್ಪೆಂಬುದು ನನ್ನ ಅಭಿಪ್ರಾಯ. ಪರೀಕ್ಷೆಯ ಉಪಕರಣವು ತೋರಿಸುವುದು ತೀರ್ಪನ್ನಲ್ಲ, ಅಳತೆಯನ್ನು. ಜ್ವರ ಬಂದವನ ಬಾಯಿಯ ಉಷ್ಣಮಾಪಕದಲ್ಲಿ 103 ಡಿಗ್ರಿ ಕಂಡರೆ, ರೋಗಿಯನ್ನು ಮಸಣಕ್ಕೆ ಕಳುಹಿಸುವವರೂ ಇಲ್ಲ, ಉಷ್ಣಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ಸಮಾಧಾನಪಡುವವರೂ ಇಲ್ಲ. ವಾಹನದ ವಿಷಯದಲ್ಲಿ ಮಾತ್ರ ನಾವು ಈ ಎರಡನ್ನೂ ಮಾಡುತ್ತೇವೆ.

ಮೊದಲು ಕಾನೂನಿನ ಮಿತಿಯನ್ನು ನೋಡೋಣ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ ಬಂದವು. ಅವುಗಳ 115ನೆಯ ನಿಯಮದ ಪ್ರಕಾರ, ಪೆಟ್ರೋಲು ವಾಹನವು ನಿಂತಲ್ಲೇ ನಿಧಾನವಾಗಿ ಓಡುತ್ತಿರುವಾಗ ಅದರ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಷ್ಟಿದೆ, ಉರಿಯದೆ ಉಳಿದ ಹೈಡ್ರೊಕಾರ್ಬನ್ ಎಷ್ಟಿದೆ ಎಂಬುದನ್ನು ಅಳೆಯಬೇಕು. 2000ದ ಮಾರ್ಚ್ 31ಕ್ಕೆ ಮುಂಚೆ ತಯಾರಾದ ದ್ವಿಚಕ್ರ ವಾಹನಗಳಿಗೆ ಮಾನಾಕ್ಸೈಡಿನ ಮಿತಿ ಶೇಕಡಾ 4.5, ಹೈಡ್ರೊಕಾರ್ಬನ್ನಿನ ಮಿತಿ ಹತ್ತು ಲಕ್ಷ ಭಾಗಗಳಲ್ಲಿ 9,000 ಭಾಗ. ಆ ದಿನದ ಬಳಿಕ ತಯಾರಾದ ಎರಡು ಹೊಡೆತದ ವಾಹನಗಳಿಗೆ ಇವು ಶೇಕಡಾ 3.5 ಮತ್ತು 6,000 ಭಾಗಗಳಿಗೆ ಇಳಿಯುತ್ತವೆ. ಭಾರತ್ ಸ್ಟೇಜ್ 4 ವರ್ಗದ ಪೆಟ್ರೋಲು ಕಾರಿಗಾದರೋ ಮಿತಿ ಶೇಕಡಾ 0.3 ಮತ್ತು 200 ಭಾಗ ಮಾತ್ರ. ಯಾದವಗಿರಿಯ ಕಾರ್ಖಾನೆ 1996ರಲ್ಲಿಯೇ ಮುಚ್ಚಿದ್ದರಿಂದ ಅಲ್ಲಿ ತಯಾರಾದ ಪ್ರತಿಯೊಂದು ವಾಹನವೂ ಮೊದಲನೆಯ, ಎಂದರೆ ಅತ್ಯಂತ ಸಡಿಲವಾದ, ವರ್ಗಕ್ಕೆ ಸೇರುತ್ತದೆ.

ಇದರ ಅರ್ಥವನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಕಾನೂನು ಅಜ್ಜನನ್ನು ಮೊಮ್ಮಗನ ಜೊತೆ ಓಟಕ್ಕೆ ನಿಲ್ಲಿಸಿಲ್ಲ. ಹಳೆಯ ವಾಹನವನ್ನು ಅದರ ಕಾಲದ ಕೋಲಿನಿಂದಲೇ ಅಳೆಯುತ್ತಿದೆ. ಮುಪ್ಪಿಗೆ ಕೊಡಬೇಕಾದ ರಿಯಾಯಿತಿಯನ್ನು ಮೊದಲೇ ಕೊಟ್ಟುಬಿಟ್ಟಿದೆ. ಆದಕಾರಣ ಇಷ್ಟು ಸಡಿಲವಾದ ಮಿತಿಯನ್ನೂ ದಾಟಿ ಹೊಗೆ ಬಿಡುವ ವಾಹನಕ್ಕೆ ಬಂದಿರುವುದು ಬಹುಮಟ್ಟಿಗೆ ಮುಪ್ಪಲ್ಲ, ರೋಗ. ಮುಪ್ಪಿಗೆ ಮದ್ದಿಲ್ಲ, ರೋಗಕ್ಕೆ ಇದೆ. ಆ ಮದ್ದನ್ನು ಕಂಡುಕೊಳ್ಳುವ ದಾರಿ ಪರೀಕ್ಷೆಯ ಚೀಟಿಯಲ್ಲಿಯೇ ಅಚ್ಚಾಗಿರುತ್ತದೆ.

ಹೈಡ್ರೊಕಾರ್ಬನ್ನಿಗೆ ಅಷ್ಟು ದೊಡ್ಡ ಮಿತಿ ಏಕೆ? ಟೂ-ಸ್ಟ್ರೋಕ್ ಎಂದು ಎಲ್ಲರೂ ಕರೆಯುವ ಎರಡು ಹೊಡೆತದ ಎಂಜಿನಿನ ರಚನೆಯೇ ಇದಕ್ಕೆ ಕಾರಣ. ಈ ಎಂಜಿನಿನಲ್ಲಿ ಕವಾಟಗಳಿಲ್ಲ; ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ನು ಕೆಳಗಿಳಿಯುವಾಗ ಮೊದಲು ಹೊಗೆ ಹೋಗುವ ಕಿಂಡಿ ತೆರೆಯುತ್ತದೆ, ಅನಂತರ ಪೆಟ್ರೋಲು ಮತ್ತು ಗಾಳಿಯ ಹೊಸ ಮಿಶ್ರಣ ಒಳಬರುವ ಕಿಂಡಿ ತೆರೆಯುತ್ತದೆ. ಸ್ವಲ್ಪ ಹೊತ್ತು ಎರಡೂ ತೆರೆದೇ ಇರುತ್ತವೆ. ಹೊಸ ಮಿಶ್ರಣವೇ ಹಳೆಯ ಹೊಗೆಯನ್ನು ತಳ್ಳಿ ಹೊರಹಾಕಬೇಕು. ಹೀಗೆ ತಳ್ಳುವಾಗ ಅದರಲ್ಲಿ ಒಂದು ಪಾಲು ತಾನೂ ಹೊರಟುಹೋಗುತ್ತದೆ. ಮುಂಬಾಗಿಲಿನಿಂದ ಬಂದ ನೆಂಟ ಊಟವನ್ನೂ ಮಾಡದೆ ಹಿತ್ತಿಲ ಬಾಗಿಲಿನಿಂದ ಹೊರಟಂತೆ! ಹೀಗೆ ಉರಿಯದೆ ಹೋಗುವ ಪೆಟ್ರೋಲು ಸಾಮಾನ್ಯವಾಗಿ ಶೇಕಡಾ 15ರಿಂದ 40ರವರೆಗೂ ಇರಬಹುದೆಂದು ಎಂಜಿನಿಯರುಗಳ ಲೆಕ್ಕ. ಇದು ಹುಟ್ಟುಗುಣ. ಯಾವ ಮೆಕ್ಯಾನಿಕ್ಕೂ ಇದನ್ನು ಬಿಡಿಸಲಾರ.

ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಉಪಕರಣವು ಹೈಡ್ರೊಕಾರ್ಬನ್ನನ್ನು ಹೆಕ್ಸೇನ್ ಎಂಬ ವಸ್ತುವಿನ ಲೆಕ್ಕದಲ್ಲಿ ಹೇಳುತ್ತದೆ. ಹೆಕ್ಸೇನಿನ ಒಂದೊಂದು ಅಣುವಿನಲ್ಲಿ ಆರು ಇಂಗಾಲದ ಪರಮಾಣುಗಳಿವೆ. ಆದುದರಿಂದ 9,000 ಭಾಗವೆಂದರೆ ಹೊಗೆಯ ಹತ್ತು ಲಕ್ಷ ಅಣುಗಳಲ್ಲಿ 54,000 ಇಂಗಾಲದ ಪರಮಾಣುಗಳು ಉರಿಯದೆ ಹೋದಂತಾಯಿತು. ಶೇಕಡಾ 4.5ರ ಮಾನಾಕ್ಸೈಡಿನಲ್ಲಿ ಅರ್ಧ ಉರಿದು ಹೋಗುವ ಪರಮಾಣುಗಳು 45,000. ಪೆಟ್ರೋಲು ಪೂರ್ಣವಾಗಿ ಉರಿದರೆ ಒಣ ಹೊಗೆಯಲ್ಲಿ ಇಂಗಾಲದ ಡಯಾಕ್ಸೈಡ್ ಶೇಕಡಾ 15ರಷ್ಟಿರುತ್ತದೆ, ಎಂದರೆ ಹತ್ತು ಲಕ್ಷ ಅಣುಗಳಲ್ಲಿ ಒಂದೂವರೆ ಲಕ್ಷ ಇಂಗಾಲದ ಪರಮಾಣುಗಳು. ಅದರ ಎದುರಿಗೆ ಈ ತೊಂಬತ್ತೊಂಬತ್ತು ಸಾವಿರವನ್ನು ಇಟ್ಟು ನೋಡಿದರೆ, ಮಿತಿಯ ಗಡಿಯಲ್ಲಿ ನಿಂತು ತೇರ್ಗಡೆಯಾದ ವಾಹನವೂ ಎಷ್ಟು ಪೆಟ್ರೋಲನ್ನು ಬೀದಿಗೆ ಚೆಲ್ಲುತ್ತಿದೆ ಎಂಬುದು ತಿಳಿಯುತ್ತದೆ. ಅದನ್ನೂ ಮೀರಿದ ವಾಹನ ಊರಿನ ಗಾಳಿಗೆ ಮಾತ್ರವಲ್ಲ, ಒಡೆಯನ ಜೇಬಿಗೂ ಶತ್ರು.

ಈ ಅಳತೆಯನ್ನು ಉಪಕರಣ ಹೇಗೆ ಮಾಡುತ್ತದೆ? ಕೆಂಪು ಬೆಳಕಿನ ಆಚೆಗೆ ಕಣ್ಣಿಗೆ ಕಾಣದ ಅತಿರಕ್ತ ಕಿರಣಗಳಿವೆ. ಒಂದೊಂದು ಅನಿಲಕ್ಕೂ ಈ ಕಿರಣಗಳಲ್ಲಿ ಒಂದೊಂದು ಬಗೆಯ ಮೇಲೆ ಆಸೆ. ಮಾನಾಕ್ಸೈಡ್ ಸುಮಾರು 4.6 ಮೈಕ್ರಾನ್ ತರಂಗಾಂತರದ ಕಿರಣವನ್ನು ಹೀರುತ್ತದೆ. ಹೈಡ್ರೊಕಾರ್ಬನ್ನುಗಳು ಸುಮಾರು 3.4 ಮೈಕ್ರಾನಿನದನ್ನು ಹೀರುತ್ತವೆ. ಹೊಗೆಯನ್ನು ಒಂದು ಕೊಳವೆಗೆ ಎಳೆದುಕೊಂಡು, ಒಂದು ತುದಿಯಿಂದ ಕಿರಣವನ್ನು ಹಾಯಿಸಿ, ಇನ್ನೊಂದು ತುದಿಯಲ್ಲಿ ಎಷ್ಟು ಉಳಿಯಿತೆಂದು ನೋಡಿದರೆ ಅನಿಲದ ಪ್ರಮಾಣ ತಿಳಿಯುತ್ತದೆ. ಗಾಜಿನ ಲೋಟದಲ್ಲಿ ಕಾಫಿಯ ಡಿಕಾಕ್ಷನ್ ಗಟ್ಟಿಯಾದಷ್ಟೂ ಅದರಾಚೆಯ ದೀಪ ಮಂಕಾಗುವುದನ್ನು ನೋಡಿರುವವರಿಗೆ ಈ ತತ್ತ್ವ ಹೊಸದೇನಲ್ಲ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಚೀಟಿಯಲ್ಲಿ ಎರಡು ಸಂಖ್ಯೆಗಳಿರುವುದೇಕೆ? ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಕಡಿಮೆಯಾದರೆ, ಎಂದರೆ ಮಿಶ್ರಣ ಗಟ್ಟಿಯಾದರೆ, ಆಮ್ಲಜನಕ ಸಾಲದೆ ಮಾನಾಕ್ಸೈಡ್ ನೇರವಾಗಿ ಏರುತ್ತದೆ. ಗಾಳಿ ಹೆಚ್ಚಾದರೆ ಅದು ತೀರ ಕಡಿಮೆಯಾಗುತ್ತದೆ. ಹೈಡ್ರೊಕಾರ್ಬನ್ನಿನ ನಡತೆ ಬೇರೆ. ಮಿಶ್ರಣ ಗಟ್ಟಿಯಾದರೂ ಅದು ಏರುತ್ತದೆ. ತೀರ ತೆಳುವಾಗಿ ಕಿಡಿ ಹತ್ತದೆ ಹೋದರೂ ಏರುತ್ತದೆ. ಆದುದರಿಂದ ಒಂದೇ ಸಂಖ್ಯೆಯಿಂದ ರೋಗದ ಜಾಗ ಗೊತ್ತಾಗದು. ಎರಡನ್ನೂ ಒಟ್ಟಿಗೆ ಓದಿದರೆ ಗೊತ್ತಾಗುತ್ತದೆ.

ಮಾನಾಕ್ಸೈಡ್ ಮಿತಿ ಮೀರಿದ್ದು, ಹೈಡ್ರೊಕಾರ್ಬನ್ನೂ ಅದರ ಹಿಂದೆಯೇ ಏರಿದ್ದರೆ ಮಿಶ್ರಣ ಗಟ್ಟಿಯಾಗಿದೆ ಎಂದೇ ತಿಳಿಯಬೇಕು. ಆಗ ಮೊದಲು ನೋಡತಕ್ಕದ್ದು ಗಾಳಿಯ ಸೋಸುಕವನ್ನು. ಧೂಳು ತುಂಬಿದ ಸೋಸುಕ ಎಂಜಿನಿನ ಮೂಗನ್ನು ಕಟ್ಟುತ್ತದೆ. ಅದು ಶುಚಿಯಾಗಿದ್ದರೆ ಕಾರ್ಬ್ಯುರೇಟರಿನ ಕಡೆಗೆ ಹೋಗಬೇಕು: ತೇಲುಬುರುಡೆಯ ಸೂಜಿ ಸವೆದು ಪೆಟ್ರೋಲಿನ ಮಟ್ಟ ಏರಿದೆಯೇ, ಚೋಕು ಪೂರ್ತಿ ಬಿಡುಗಡೆಯಾಗುತ್ತಿದೆಯೇ, ನಿಧಾನಗತಿಯ ಜೆಟ್ಟು ಸರಿಯಾದ ಅಳತೆಯದೇ ಎಂದು ನೋಡಬೇಕು. ತಿರುಪಿಗೆ ಕೈಹಾಕುವುದು ಇವೆಲ್ಲ ಮುಗಿದ ಮೇಲೆ.

ಮಾನಾಕ್ಸೈಡ್ ಕಡಿಮೆಯಿದ್ದು ಹೈಡ್ರೊಕಾರ್ಬನ್ ಮಾತ್ರ ವಿಪರೀತವಾಗಿದ್ದರೆ ಕಥೆ ಬೇರೆ. ಅಲ್ಲಿ ಪೆಟ್ರೋಲು ಅರ್ಧ ಉರಿಯುತ್ತಿಲ್ಲ. ಎಷ್ಟೋ ಸಲ ಉರಿಯುತ್ತಲೇ ಇಲ್ಲ. ಕಿಡಿ ತಪ್ಪುತ್ತಿರಬಹುದು: ಪ್ಲಗ್ಗಿನ ಮೇಲೆ ಕಿಟ್ಟ ಕಟ್ಟಿದೆಯೇ, ಅದರ ಸಂದು ಸರಿಯಿದೆಯೇ, ಪಾಯಿಂಟುಗಳು ಸುಟ್ಟಿವೆಯೇ, ಕಂಡೆನ್ಸರು ಸೋತಿದೆಯೇ ಎಂದು ನೋಡಬೇಕು. ಇಲ್ಲವೆ ಕಳ್ಳಗಾಳಿ ನುಗ್ಗುತ್ತಿರಬಹುದು. ಕಾರ್ಬ್ಯುರೇಟರು ಸಿಲಿಂಡರಿಗೆ ಸೇರುವ ಕಡೆಯಲ್ಲಿ ಗ್ಯಾಸ್ಕೆಟ್ಟು ಹೋಗಿದ್ದರೆ, ಅಥವಾ ಕ್ರ್ಯಾಂಕಿನ ಕೊನೆಯ ರಬ್ಬರು ಸೀಲು ಗಡುಸಾಗಿ ಬಿರಿದಿದ್ದರೆ, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಸೇರಿ ಮಿಶ್ರಣವನ್ನು ತೆಳುಮಾಡುತ್ತದೆ. ಮೂವತ್ತು ವರ್ಷದ ರಬ್ಬರು ಬಿರಿಯುವುದು ಸಹಜ. ಅದನ್ನು ಬದಲಾಯಿಸುವುದೂ ಸಾಧ್ಯ.

ಇವೆರಡೂ ಮಿತಿಯೊಳಗಿದ್ದು ನೀಲಿ ಹೊಗೆಯ ಮೋಡ ಮಾತ್ರ ಏಳುತ್ತಿದ್ದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನು ಕಣ್ಣಂದಾಜಿನಲ್ಲಿ ಸುರಿಯುವ ಅಭ್ಯಾಸ ಇದಕ್ಕೆ ಒಂದು ಕಾರಣ. ಗೇರುಪೆಟ್ಟಿಗೆಯ ಕಡೆಯ ಸೀಲು ಹೋಗಿ ಅಲ್ಲಿನ ಎಣ್ಣೆಯನ್ನು ಎಂಜಿನು ಹೀರುತ್ತಿರುವುದು ಇನ್ನೊಂದು. ಗೇರುಪೆಟ್ಟಿಗೆಯ ಎಣ್ಣೆ ಪದೇ ಪದೇ ಇಳಿಯುತ್ತಿದ್ದರೆ ಎರಡನೆಯದೆಂದು ಖಚಿತಪಡಿಸಿಕೊಳ್ಳಬಹುದು. ವಿಚಿತ್ರವೆಂದರೆ ಪೆಟ್ರೋಲು ವಾಹನದ ಪರೀಕ್ಷೆಯಲ್ಲಿ ಹೊಗೆಯ ಈ ಮಬ್ಬನ್ನು ಅಳೆಯುವುದೇ ಇಲ್ಲ; ಅದು ಡೀಸೆಲು ವಾಹನಗಳ ಪರೀಕ್ಷೆಗೆ ಮೀಸಲು. ಕಣ್ಣಿಗೆ ಕಾಣುವುದು ಲೆಕ್ಕಕ್ಕಿಲ್ಲ, ಲೆಕ್ಕಕ್ಕಿರುವುದು ಕಣ್ಣಿಗೆ ಕಾಣುವುದಿಲ್ಲ!

ಹಳೆಯ ಜಾವಾ 250ರಲ್ಲಿ ಇನ್ನೊಂದು ವಿಶೇಷವಿದೆ. ಅದರ ಒಂದೇ ಸಿಲಿಂಡರಿಗೆ ಎರಡು ಹೊಗೆ ಕೊಳವೆಗಳು. ಒಂದರಲ್ಲಿ ಮಸಿ ಕಟ್ಟಿ, ಇನ್ನೊಂದು ತೆರವಾಗಿದ್ದರೆ ಹೊಗೆಯ ಹಾದಿ ಓರೆಯಾಗುತ್ತದೆ. ಎರಡರಲ್ಲೂ ಅಳೆದು ನೋಡುವುದು ಲೇಸು. ಎಣ್ಣೆ ಉರಿಯುವ ಎಂಜಿನಿನ ಸೈಲೆನ್ಸರಿನಲ್ಲಿ ಮಸಿ ಗಟ್ಟಿಯಾದಂತೆಲ್ಲ ಹಳೆಯ ಹೊಗೆ ಸಿಲಿಂಡರಿನಲ್ಲೇ ಉಳಿದು ಹೊಸ ಮಿಶ್ರಣವನ್ನು ಕೆಡಿಸುತ್ತದೆ. ಆ ಮಸಿಯನ್ನು ಆಗಾಗ ತೆಗೆಸುವುದು ಹಿಂದಿನವರ ವಾಡಿಕೆಯಾಗಿತ್ತು. ಈಗ ಅದು ಮರೆತುಹೋಗುತ್ತಿದೆ.

ಅಳತೆಯೇ ತಪ್ಪಬಹುದೆಂಬುದನ್ನೂ ನೆನಪಿನಲ್ಲಿಡಬೇಕು. ತಣ್ಣಗಿರುವ ಎಂಜಿನು ಸದಾ ಹೆಚ್ಚು ತೋರಿಸುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿದ ಬಳಿಕವೇ ಪರೀಕ್ಷೆಗೆ ನಿಲ್ಲಿಸಬೇಕು. ಶೋಧಕ ನಳಿಕೆ ಹೊಗೆ ಕೊಳವೆಯೊಳಗೆ ಕನಿಷ್ಠ 300 ಮಿಲಿಮೀಟರ್ ಇಳಿಯದಿದ್ದರೆ, ಅಥವಾ ಸೈಲೆನ್ಸರಿನಲ್ಲಿ ತೂತಿದ್ದರೆ, ಹೊರಗಾಳಿ ಬೆರೆತು ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ನಮಗಿಂತ ಮುಂಚೆ ಬಂದ ವಾಹನದ ಎಣ್ಣೆ ಉಪಕರಣದ ರಬ್ಬರು ಕೊಳವೆಯಲ್ಲಿ ಅಂಟಿಕೊಂಡಿದ್ದರೆ ಹೈಡ್ರೊಕಾರ್ಬನ್ ಸುಳ್ಳಾಗಿ ಏರುತ್ತದೆ. ಶುದ್ಧ ಗಾಳಿಯನ್ನು ಎಳೆದುಕೊಂಡಾಗ ಉಪಕರಣ ಸೊನ್ನೆಯ ಹತ್ತಿರ ನಿಲ್ಲುತ್ತದೆಯೇ ಎಂದು ತೋರಿಸುವಂತೆ ಕೇಳುವ ಹಕ್ಕು ಎಲ್ಲ ಒಡೆಯರಿಗೂ ಇರಬೇಕು. ತಕ್ಕಡಿಯ ತಟ್ಟೆಗಳನ್ನು ಖಾಲಿ ಎತ್ತಿ ತೋರಿಸದ ಅಂಗಡಿಯಲ್ಲಿ ನಾವು ಅಕ್ಕಿ ಕೊಳ್ಳುವುದಿಲ್ಲವಷ್ಟೆ.

ಇತ್ತೀಚೆಗೆ ಇಂಧನವೂ ಬದಲಾಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವುದು ರೂಢಿಗೆ ಬಂದಿದೆ. ಎಥನಾಲಿನ ಅಣುವಿನಲ್ಲೇ ಆಮ್ಲಜನಕವಿರುವುದರಿಂದ ಅದರ ಒಂದು ಕಿಲೋಗ್ರಾಮಿಗೆ ಸುಮಾರು 9 ಕಿಲೋಗ್ರಾಂ ಗಾಳಿ ಸಾಕು. ಈ ಮಿಶ್ರ ಇಂಧನಕ್ಕೆ ಸುಮಾರು ಹದಿಮೂರೂವರೆ. ಶುದ್ಧ ಪೆಟ್ರೋಲಿಗೆಂದು ಕೊರೆದ ಹಳೆಯ ಜೆಟ್ಟಿಗೆ ಇದು ಗೊತ್ತಿಲ್ಲ. ಅದು ಮೊದಲಿನಷ್ಟೇ ಇಂಧನವನ್ನು ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಗಟ್ಟಿಯಾಗಿದ್ದ ವಾಹನಕ್ಕೆ ಇದರಿಂದ ಮಾನಾಕ್ಸೈಡ್ ಇಳಿದು ಉಪಕಾರವೇ ಆಗಬಹುದು. ಮೊದಲೇ ತೆಳುವಾಗಿದ್ದ ವಾಹನ ಕಿಡಿ ತಪ್ಪಿ ಹೈಡ್ರೊಕಾರ್ಬನ್ನಿನಲ್ಲಿ ಸೋಲಬಹುದು. ಎಥನಾಲು ನೀರನ್ನು ಸೆಳೆಯುತ್ತದೆ, ಹಳೆಯ ಬಗೆಯ ರಬ್ಬರನ್ನು ಕೆಡಿಸುತ್ತದೆ. ಆದಕಾರಣ ತಿಂಗಳುಗಟ್ಟಲೆ ನಿಂತೇ ಇರುವ ವಾಹನದ ಟ್ಯಾಂಕಿನಲ್ಲಿ ಈ ಇಂಧನವನ್ನು ಉಳಿಸಬಾರದು.

ತಿರುಪು ತಿರುಗಿಸಿ ಗೆಲ್ಲುವ ಉಪಾಯದ ಅಪಾಯವೂ ಈಗ ತಿಳಿಯುತ್ತದೆ. ಮಾನಾಕ್ಸೈಡನ್ನು ಇಳಿಸಲೆಂದು ಮಿಶ್ರಣವನ್ನು ತೆಳುಮಾಡಿ ಹಾಗೆಯೇ ಚಾಮುಂಡಿ ಬೆಟ್ಟವನ್ನು ಹತ್ತಿದರೆ, ಗಾಳಿಯಿಂದಲೇ ತಣಿಯಬೇಕಾದ ಈ ಎಂಜಿನಿನ ಪಿಸ್ಟನ್ನು ಕಾದು ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುವ ಸಂಭವವಿದೆ. ಮನೆಗೆ ಬಂದು ತಿರುಪನ್ನು ಹಿಂದಕ್ಕೆ ತಿರುಗಿಸಿದರೆ ಎಂಜಿನು ಉಳಿಯುತ್ತದೆ, ಊರಿನ ಗಾಳಿ ಕೆಡುತ್ತದೆ. ಮಾನಾಕ್ಸೈಡ್ ನಮ್ಮ ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ವೃತ್ತದ ನಡುವೆ ದಿನವಿಡೀ ನಿಂತಿರುವ ಪೊಲೀಸಿನವನಿಗೂ, ವಾಹನದ ಹಿಂದೆಯೇ ಸೈಕಲ್ಲು ತುಳಿಯುವ ಶಾಲೆಯ ಹುಡುಗಿಗೂ ನಮ್ಮ ಜೇಬಿನಲ್ಲಿರುವ ಚೀಟಿಯಿಂದ ಯಾವ ರಕ್ಷಣೆಯೂ ಇಲ್ಲ.

“ಇಂಥ ಗಾಡಿಗಳು ಊರಿನಲ್ಲಿ ಎಷ್ಟಿವೆ? ಇವುಗಳಿಂದ ಆಗುವ ಕೇಡೆಷ್ಟು?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಚೀಟಿಯ ಸಂಖ್ಯೆ ಹೊಗೆಯ ಸಾಂದ್ರತೆಯನ್ನು ಹೇಳುತ್ತದೆ, ಒಟ್ಟು ಮೊತ್ತವನ್ನಲ್ಲ. 250 ಘನ ಸೆಂಟಿಮೀಟರಿನ ಎಂಜಿನು ದೊಡ್ಡ ಕಾರಿನಷ್ಟು ಹೊಗೆಯನ್ನು ಹೊರಹಾಕಲಾರದು. ಪರೀಕ್ಷೆಯೂ ಪೂರ್ಣವಾದುದಲ್ಲ: ಭಾರ ಹೊತ್ತು ಓಡುವಾಗಿನ ಸ್ಥಿತಿಯನ್ನು ಅದು ನೋಡುವುದಿಲ್ಲ, ಸಾರಜನಕದ ಆಕ್ಸೈಡುಗಳನ್ನು ಅಳೆಯುವುದಿಲ್ಲ. ಇಷ್ಟನ್ನೂ ಒಪ್ಪಬೇಕು. ಆದರೆ ಅಳತೆ ಅಪೂರ್ಣವೆಂಬ ಕಾರಣದಿಂದ ಅದನ್ನು ಬಿಸಾಡುವುದು ವಿಜ್ಞಾನದ ಮಾರ್ಗವಲ್ಲ. ತರಗತಿಯಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವ ಪಾಠವೇ ಇದು: ಉಪಕರಣದ ಮಿತಿಯನ್ನು ಅರಿತುಕೊ, ಆ ಮಿತಿಯೊಳಗೆ ಅದು ಹೇಳುವುದನ್ನು ನಂಬು, ಬಯಸಿದ ಉತ್ತರ ಬರಲೆಂದು ಉಪಕರಣವನ್ನು ತಿದ್ದಬೇಡ.

ಆದುದರಿಂದ ಮೂರು ಸಲಹೆಗಳನ್ನು ವಾಚಕರ ಮುಂದಿಡುತ್ತೇನೆ. ಮೊದಲನೆಯದಾಗಿ, ಪರೀಕ್ಷಾ ಕೇಂದ್ರಗಳು ಸೋತ ವಾಹನಕ್ಕೂ ಅದರ ಸಂಖ್ಯೆಗಳಿರುವ ಚೀಟಿಯನ್ನು ಕೊಡಬೇಕು. ಯಾವ ಸಂಖ್ಯೆ ಏನನ್ನು ಸೂಚಿಸುತ್ತದೆಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಗೋಡೆಯ ಮೇಲೆ ಬರೆಸಬೇಕು. ಎರಡನೆಯದಾಗಿ, ವಾಹನದ ಒಡೆಯರು ಆರು ತಿಂಗಳಿಗೊಮ್ಮೆ ಬರುವ ಈ ಸಂಖ್ಯೆಗಳನ್ನು, ಆಯಾ ಅವಧಿಯಲ್ಲಿ ಮಾಡಿಸಿದ ರಿಪೇರಿಗಳೊಂದಿಗೆ, ಒಂದು ಪುಸ್ತಕದಲ್ಲಿ ಬರೆದಿಡಬೇಕು. 5,000 ಇದ್ದದ್ದು 6,500 ಆಗಿ, ಆಮೇಲೆ 8,000 ಆಗುತ್ತಿದ್ದರೆ, ಸೋಲುವುದಕ್ಕೆ ಮೊದಲೇ ಸೀಲು ಬದಲಾಯಿಸುವ ಕಾಲ ಬಂತೆಂದು ತಿಳಿಯುತ್ತದೆ. ಮೂರನೆಯದಾಗಿ, ಅಳೆಯುವ ಉಪಕರಣ ರಿಪೇರಿ ಮಾಡುವವನ ಕೈಗೂ ಎಟುಕಬೇಕು. ಈಗ ಅಳೆಯುವವನು ಒಬ್ಬ, ರಿಪೇರಿ ಮಾಡುವವನು ಇನ್ನೊಬ್ಬ. ಮೊದಲನೆಯವನಿಗೆ ಎಂಜಿನು ಬೇಡ, ಎರಡನೆಯವನಿಗೆ ಅಂಕಿ ತಿಳಿಯದು.

ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಅಭಿಮಾನಿಗಳು ಆಚರಿಸುತ್ತಾರೆ. ಅಂದು ಹಳೆಯ ವಾಹನಗಳನ್ನು ಬೆಳಗಿ, ಸಾಲಾಗಿ ನಿಲ್ಲಿಸಿ, ಊರೆಲ್ಲ ಸುತ್ತುವುದುಂಟು. ನಮ್ಮ ಊರಿನ ಕಾಲೇಜುಗಳೂ ಪಾಲಿಟೆಕ್ನಿಕ್ಕುಗಳೂ ಆ ದಿನ ಒಂದು ಅನಿಲ ಮಾಪಕವನ್ನು ಅಲ್ಲಿ ತಂದಿಡಬಾರದೇಕೆ? ಚೀಟಿಯ ಹಂಗಿಲ್ಲದೆ, ದಂಡದ ಭಯವಿಲ್ಲದೆ, ಒಂದೊಂದು ವಾಹನವನ್ನೂ ಅಳೆದು, ರೋಗವಿದ್ದಲ್ಲಿ ಅದರ ಹೆಸರು ಹೇಳಿ ಕಳುಹಿಸಬಹುದು. ವಿದ್ಯಾರ್ಥಿಗಳಿಗೆ ಅದು ಪುಸ್ತಕದಲ್ಲಿ ಸಿಗದ ಪಾಠ; ಮೆಕ್ಯಾನಿಕ್ಕುಗಳಿಗೆ ಹೊಸ ಕಣ್ಣು. ಅಳೆದು ನೋಡಿ, ಎಲ್ಲ ಚಿಕಿತ್ಸೆಯನ್ನೂ ಮಾಡಿಸಿ, ಆಮೇಲೂ ಮಿತಿಗೆ ಬಾರದ ವಾಹನವನ್ನು ರಸ್ತೆಯಿಂದ ಇಳಿಸಿ ಗೌರವದಿಂದ ಮನೆಯಲ್ಲಿ ನಿಲ್ಲಿಸುವುದೇ ಸರಿ. ಆದರೆ ಒಂದು ರಬ್ಬರಿನ ಸೀಲಿಗಾಗಿ, ಮಸಿ ಕಟ್ಟಿದ ಒಂದು ಕೊಳವೆಗಾಗಿ, ಗಟ್ಟಿಮುಟ್ಟಾದ ಯಂತ್ರವೊಂದಕ್ಕೆ ಮುಪ್ಪಿನ ಹಣೆಪಟ್ಟಿ ಕಟ್ಟುವುದು ಅಳತೆಯನ್ನು ಓದಲಾರದವರ ಕೆಲಸ.